ಬಣ್ಣಕ್ಕಿಟ್ಟ ಬಾಟಲಿ

ನನಗೊಂದು ಚಟವಿದೆ. ಮದುವೆಮನೆಯಲ್ಲಾಗಲಿ, ಯಾರದೋ ಮೊಮ್ಮಗುವಿನ ಹುಟ್ಟುಹಬ್ಬದಲ್ಲಾಗಲಿ, ಕೋಲಾ ತುಂಬಿದ ಗ್ಲಾಸು ಕೈಗೆ ಬಂದರೆ ಮೊದಲು ಅದನ್ನು ಕಿಟಕಿಯ ಕಡೆಗೋ ಟ್ಯೂಬ್‌ಲೈಟಿನ ಕಡೆಗೋ ಎತ್ತಿ ಹಿಡಿದು ನೋಡುತ್ತೇನೆ. ಕೊಟ್ಟವರಿಗೆ ಗಾಬರಿಯಾಗುತ್ತದೆ. ‘ಯಾಕ್ರಿ, ಹುಳ ಬಿದ್ದೈತೇನ್ರಿ?’ ಎಂದು ಕೇಳಿದವರೂ ಇದ್ದಾರೆ. ‘ಇಲ್ರಿ, ಸುಮ್ನ’ ಎಂದು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಡುತ್ತೇನೆ. ಎರಡನೆಯ ಗುಟುಕು ಎಂದೂ ಕುಡಿದವಳಲ್ಲ. ಮಕ್ಕಳು ಇದನ್ನು ನನ್ನ ಸಕ್ಕರೆ ಕಾಯಿಲೆಯ ತಲೆಗೆ ಕಟ್ಟಿದ್ದಾರೆ. ಇರಲಿ ಎಂದು ನಾನೂ ಬಿಟ್ಟಿದ್ದೆ. ಅಸಲು ಸಂಗತಿ ಬೇರೆ, ಇವತ್ತು ನಿಮಗೆ ಹೇಳಿಬಿಡುತ್ತೇನೆ.

ಕಂಪನಿಯ ಹೆಸರು ಹೇಳುವುದಿಲ್ಲ. ಹೇಳದಿದ್ದರೂ ನಿಮಗೆ ಗೊತ್ತಾಗುತ್ತದೆ. ಅಮೆರಿಕದ ಯಾವನೋ ಔಷಧಿ ಮಾರುವವನು ತಲೆನೋವಿಗೆಂದು ಕುದಿಸಿದ ಪಾಕವಂತೆ ಅದು. ತಲೆನೋವಿನ ಕಥೆ ಏನಾಯಿತೋ, ಪಾಕ ಮಾತ್ರ ಸಮುದ್ರ ದಾಟಿ ನಮ್ಮ ದೇಶಕ್ಕೂ ಬಂತು. ಅದನ್ನು ಮಾಡುವ ಬಗೆ ತಿಜೋರಿಯಲ್ಲಿದೆ, ಗೊತ್ತಿರುವವರು ಒಬ್ಬಿಬ್ಬರೇ ಎಂದೆಲ್ಲ ಹೇಳುತ್ತಾರೆ. ಇವೆಲ್ಲ ನಾನು ದೊಡ್ಡವಳಾದ ಮೇಲೆ, ಅಂಚೆ ಕಚೇರಿಯ ಕೌಂಟರಿನಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದಿ ತಿಳಿದುಕೊಂಡದ್ದು. ಇಳಕಲ್ಲಿನಲ್ಲಿ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಎಪ್ಪತ್ತರ ದಶಕದಲ್ಲಿ ನಮಗೆ ಆ ಕಂಪನಿ ಎಂದರೆ ಟಾಕೀಸಿನ ಎದುರು ಪಾನಂಗಡಿಯ ನೆತ್ತಿಯ ಮೇಲಿದ್ದ ಕೆಂಪು ತಗಡಿನ ಬೋರ್ಡು. ಬೋರ್ಡು ಕೋಲಾದ್ದು, ಅಂಗಡಿಯಲ್ಲಿ ಸಿಗುತ್ತಿದ್ದದ್ದು ಗೋಲಿ ಸೋಡಾ. ಹೊಸ ಪಿಚ್ಚರು ಬಂದ ವಾರ ಬಾಗಲಕೋಟೆಯಿಂದ ಒಂದು ಡಜನ್ ಕೋಲಾ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅದನ್ನು ಕುಡಿಯುವವರು ಅಂಗಡಿಯ ಮುಂದೆ ನಿಂತು ನಾಲ್ಕು ಜನ ನೋಡುವ ತನಕ ನಿಧಾನವಾಗಿ ಕುಡಿಯುತ್ತಿದ್ದರು. ಕೆಳಗೆ ಬಿದ್ದ ಬಿರಡೆಗಳನ್ನು ನಾವು ಹೆಕ್ಕಿ ತಂದು, ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ, ಎರಡು ತೂತು ಹೊಡೆದು ನೂಲು ಪೋಣಿಸಿ ಗರಗರ ತಿರುಗಿಸುತ್ತಿದ್ದೆವು. ಖಾಲಿ ಬಾಟಲಿ ಹೇಗೋ ಮನೆಗಳಿಗೆ ಬಂದು ಸೇರುತ್ತಿತ್ತು. ನಮ್ಮ ಓಣಿಯಲ್ಲಿ ಕೋಲಾ ಕುಡಿದವರಿಗಿಂತ ಆ ಬಾಟಲಿಯಿಂದ ಹಪ್ಪಳ ಲಟ್ಟಿಸಿದವರೇ ಹೆಚ್ಚು.

ನಮ್ಮ ಅಪ್ಪನಿಗೆ ಆ ತಗಡಿನ ಬೋರ್ಡಿನ ಮೇಲೆ ವಿಪರೀತ ಗೌರವ. ಟಾಕೀಸಿನ ಮುಂದೆ ಹಾಯುವಾಗಲೆಲ್ಲ ಒಂದು ಕ್ಷಣ ನಿಲ್ಲುತ್ತಿದ್ದ. ‘ಎಷ್ಟ್ ವರ್ಷದ ಬಿಸಲ ಬಡದೈತಿ, ಒಂಚೂರರ ಬಣ್ಣ ಬಿಟ್ಟೈತೇನ ನೋಡ. ಕಂಪನಿ ಅಂದ್ರ ಹಂಗಿರಬೇಕು’ ಎನ್ನುತ್ತಿದ್ದ. ಪಿಚ್ಚರಿನ ಪೋಸ್ಟರುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅಪ್ಪ ನೂಲಿಗೆ ಬಣ್ಣ ಹಾಕುವವನು. ಇಳಕಲ್ಲ ಸೀರೆ ಎಂದರೆ ಜನ ಮಗ್ಗದವರನ್ನು ನೆನೆಯುತ್ತಾರೆ. ಮಗ್ಗ ಏರುವ ಮುಂಚೆ ನೂಲಿನ ಲಡಿಗಳನ್ನು ಕುದಿಯುವ ಹಂಡೆಯಲ್ಲಿ ಅದ್ದಿ, ಕೋಲಿನಿಂದ ಮಗುಚಿ ಮಗುಚಿ ಬಣ್ಣ ಹಿಡಿಸುವವರನ್ನು ಯಾರೂ ನೆನೆಯುವುದಿಲ್ಲ. ಅಪ್ಪನ ಕೈ ಮೊಣಕೈವರೆಗೆ ಒಂದು ದಿನ ಹಸಿರು, ಒಂದು ದಿನ ದಾಳಿಂಬೆ ಕೆಂಪು. ನೀಲಿ ಬೆರಳುಗಳಿಂದ ರೊಟ್ಟಿ ಮುರಿಯುವುದನ್ನು ನೋಡಿ ನಮ್ಮ ಮನೆಗೆ ಬಂದ ನೆಂಟರು ಮುಖ ತಿರುಗಿಸುತ್ತಿದ್ದರು. ಅಪ್ಪ ತಕ್ಕಡಿ ಹಿಡಿದು ಬಣ್ಣ ಬೆರೆಸಿದವನೇ ಅಲ್ಲ. ಡಬ್ಬಿಯಿಂದ ಚಿಟಿಕೆ ಚಿಟಿಕೆ ಹಾಕುತ್ತ, ಒಂದೆಳೆ ನೂಲನ್ನು ಹಿಂಡಿ ಬಿಸಿ ಹಂಡೆಯ ಮೈಗೆ ಒತ್ತಿ ಒಣಗಿಸಿ, ಬೆಳಿಗ್ಗೆ ಹತ್ತರ ಸುಮಾರಿಗೆ ಹಿತ್ತಲಿನ ಬಿಳಿ ಗೋಡೆಗೆ ಹಿಡಿದು ನೋಡುತ್ತಿದ್ದ. ಸರಿ ಎಂದರೆ ಸರಿ. ಯಾವ ಬಣ್ಣಕ್ಕೆ ಏನೇನು ಹಾಕಿದಿರಿ ಎಂದು ಬೇರೆ ಬಣ್ಣಗಾರರು ಕೇಳಿದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದ. ಅವ್ವನಿಗೆ ಸಿಟ್ಟು ಬರುತ್ತಿತ್ತು.

‘ಹೇಳಿದ್ರ ಏನ್ ಹೋಗ್ತೈತಿ?’ ಎನ್ನುತ್ತಿದ್ದ ಅಪ್ಪ. ‘ಪುಡಿ ಅವರ ಕಡೇನೂ ಐತಿ. ಕಣ್ಣ ಎಲ್ಲಿಂದ ತರ್ತಾರ?’

ಇಂಥ ಅಪ್ಪನ ಮುಂದೆ ಒಂದು ದಿನ ಸಾವಕಾರರು ಎರಡು ಕೋಲಾ ಬಾಟಲಿ ತಂದಿಟ್ಟರು. ಇವರು ಮುಂಬೈಗೆ ಹೋಗಿ ಬಂದು ಸೀರೆ ವ್ಯಾಪಾರ ಮಾಡುವವರು. ಅಪ್ಪನಿಗೆ ನೂಲು ಕೊಟ್ಟು ಬಣ್ಣ ಹಾಕಿಸುವವರೂ ಇವರೇ. ಇವರ ಸೊಸೆ ಮುಂಬೈಯಲ್ಲಿ ಬೆಳೆದವಳು. ಆಕೆಗೆ ಕೆಂಪು ಸೆರಗಿನ ಇಳಕಲ್ಲ ಸೀರೆಯೇ ಬೇಕು, ಆದರೆ ಒಡಲು ಕೋಲಾದ ಬಣ್ಣದ್ದಾಗಬೇಕು.

‘ಇದು ಕರೇದಲ್ರಿ?’ ಎಂದ ಅಪ್ಪ, ಬಾಟಲಿಯನ್ನು ಮುಟ್ಟದೆ.

‘ಬಿಸಲಿಗೆ ಹಿಡಿ.’

ಅಪ್ಪ ಹಿಡಿದ. ಕಪ್ಪಗೆ ಕಂಡದ್ದು ಕಪ್ಪಲ್ಲ, ಅಂಚಿನಲ್ಲಿ ಕಂದು, ಒಳಗೆ ಎಲ್ಲೋ ಕೆಂಪು. ಅಪ್ಪ ಬಾಟಲಿಯನ್ನು ಮತ್ತೆ ಮತ್ತೆ ತಿರುಗಿಸಿದ. ‘ಎಲ್ಲಾ ಬಾಟ್ಲ್ಯಾಗೂ ಇದ ಬಣ್ಣ ಇರ್ತೈತೇನ್ರಿ?’ ಎಂದು ಕೇಳಿದ.

‘ಹುಚ್ಚದಿಯೇನೋ? ಮುಂಬೈದಾಗೂ ಇದ, ಅಮೇರಿಕಾದಾಗೂ ಇದ. ರುಚಿ, ಬಣ್ಣ ಕೂದಲೆಳಿ ಫರಕ್ ಆಗೂದಿಲ್ಲ. ಅದಕ್ಕ ಅದು ಕಂಪನಿ’ ಎಂದರು ಸಾವಕಾರರು.

ಒಂದು ಬಾಟಲಿ ಕುಡಿಯುವುದಕ್ಕೆ, ಇನ್ನೊಂದು ಬಣ್ಣಕ್ಕೆ ಎಂದು ಹೇಳಿ ಹೋದರು. ಕುಡಿಯುವ ಬಾಟಲಿಯನ್ನು ಮನೆಯಲ್ಲಿ ಅವತ್ತೇ ತೆರೆದರು. ಅಪ್ಪ, ಅವ್ವ, ಚಿಕ್ಕಪ್ಪ, ನನ್ನ ಅಕ್ಕ ಗಂಗಕ್ಕ, ಪಕ್ಕದ ಮನೆಯವರು, ಎಲ್ಲರಿಗೂ ಸ್ಟೀಲಿನ ಬಟ್ಟಲಲ್ಲಿ ಎರಡೆರಡು ಗುಟುಕು. ನಮ್ಮ ಅಜ್ಜಿ ಲಿಂಗಕ್ಕೆ ಅರ್ಪಿಸದೆ ನೀರನ್ನೂ ಬಾಯಿಗೆ ಹಾಕುವವಳಲ್ಲ. ತನ್ನ ಪಾಲನ್ನು ಒಳಗೆ ಒಯ್ದು, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತಳು. ಅಜ್ಜಿಯ ಪೂಜೆ ಎಂದೂ ಅವಸರದ್ದಲ್ಲ. ಮುಗಿಸಿ ಪ್ರಸಾದವೆಂದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಗ್ಯಾಸೆಲ್ಲ ಹೋಗಿತ್ತು. ‘ಕಷಾಯಕ್ಕ ಬೆಲ್ಲ ಜಾಸ್ತಿ ಆಗೇತಿ. ಇದಕ್ಕೇನ್ ಇಷ್ಟ ಕುಣ್ಯಾಕತ್ತೀರಿ?’ ಎಂದಳಂತೆ. ‘ಎಂದಳಂತೆ’ ಯಾಕೆಂದರೆ ಇದೆಲ್ಲ ಆಗುವಾಗ ನಾನು ಶಾಲೆಯಲ್ಲಿ ಹದಿನೇಳರ ಮಗ್ಗಿ ಒಪ್ಪಿಸುತ್ತಿದ್ದೆ. ಬಂದು ನೋಡಿದರೆ ಖಾಲಿ ಬಾಟಲಿ. ‘ಮೂಗಿನ್ಯಾಗಿಂದ ಜುಂ ಅಂತ ಬಂತಲೇ’ ಎಂದು ಗಂಗಕ್ಕ ಮೂಗು ಹಿಡಿದು ತೋರಿಸಿದಳು. ಆ ‘ಜುಂ’ ಅನ್ನು ಆಕೆ ಒಂದು ತಿಂಗಳು ಹೇಳಿದಳು.

ಅಪ್ಪ ಆ ಬಣ್ಣವನ್ನು ಹಿಡಿಯಲು ಒಂದು ವಾರ ತೆಗೆದುಕೊಂಡ. ಎಂಟನೆಯ ದಿನ ಒಣಗಿದ ಲಡಿ ಮತ್ತು ಬಾಟಲಿಯನ್ನು ಒಟ್ಟಿಗೆ ಬಿಸಿಲಿಗೆ ಹಿಡಿದು ಅವ್ವನನ್ನು ಕರೆದ. ಅವ್ವ ‘ಎರಡೂ ಒಂದ ಕಾಣ್ತಾವ’ ಎಂದಳು. ಸೊಸೆಯ ಸೀರೆಯಾಯಿತು. ಅದನ್ನು ನೋಡಿದ ಹುನಗುಂದದ, ಬಾದಾಮಿಯ ವ್ಯಾಪಾರಸ್ಥರು ತಮಗೂ ಬೇಕೆಂದರು. ‘ಕೋಲಾ ಸೀರಿ’ ಎಂದು ಹೆಸರೇ ಬಿತ್ತು. ಕೋಲಾ ಎಂದರೆ ಏನೆಂದು ಗೊತ್ತಿಲ್ಲದ ಹೆಂಗಸರೂ ಹೊಲಕ್ಕೆ ಅದನ್ನು ಉಟ್ಟುಕೊಂಡು ಹೋದರು. ಮೊದಲ ಸಲ ಅದ್ದಿದ ನೂಲೆಲ್ಲ ಆ ಸೀರೆಗಳಿಗೇ ಹೋಗಿ ಒಂದೆಳೆಯೂ ಮನೆಯಲ್ಲಿ ಉಳಿಯಲಿಲ್ಲ. ಬಾಟಲಿಯೇ ಇರುವಾಗ ಮಾದರಿಯ ಲಡಿ ಯಾಕೆ ಎಂದು ಅಪ್ಪ ಎತ್ತಿಡಲಿಲ್ಲ. ಬಾಟಲಿಯನ್ನು ಮಾತ್ರ ಒರೆಸಿ ಗೋಡೆಯ ಗೂಡಿನಲ್ಲಿ ಇಟ್ಟ.

ನಾನು ದಿನಾ ಅದನ್ನು ನೋಡುತ್ತಿದ್ದೆ. ಎಷ್ಟು ದಿನ ಅಂತ ನೋಡುವುದು? ಒಂದು ಮಧ್ಯಾಹ್ನ ಎಲ್ಲರೂ ಕೂಡಲಸಂಗಮಕ್ಕೆ ಹೋಗಿದ್ದರು. ನನಗೆ ಪರೀಕ್ಷೆಯೆಂದು ಅಜ್ಜಿಯ ಜೊತೆ ಬಿಟ್ಟಿದ್ದರು. ಅಜ್ಜಿ ಮಲಗಿದ್ದಳು. ಆಕೆಯ ಅಡಕತ್ತರಿಯ ತುದಿಯಿಂದ ಬಿರಡೆಯ ಅಂಚನ್ನು ಸುತ್ತಲೂ ಒಂದಿಷ್ಟೊಂದಿಷ್ಟೇ ಎಬ್ಬಿಸಿದೆ. ಟಪ್ ಎಂದಿತು, ನೊರೆ ಉಕ್ಕಿತು, ಅರ್ಧ ನೆಲದ ಪಾಲಾಯಿತು. ಉಳಿದದ್ದನ್ನು ಗಟಗಟ ಕುಡಿದೆ. ಬೆಚ್ಚಗಿತ್ತು. ಕೆಮ್ಮಿನ ಔಷಧಿಯ ರುಚಿ. ಜುಂ ಎಂದದ್ದು ನಿಜ, ಆದರೆ ಅದು ಭಯಕ್ಕೋ ಗ್ಯಾಸಿಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೇರೆ ಮಕ್ಕಳಾಗಿದ್ದರೆ ಬಾಟಲಿಗೆ ಚಹಾದ ಡಿಕಾಕ್ಷನ್ ಸುರಿಯುತ್ತಿದ್ದರೋ ಏನೋ. ನಾನು ಬಣ್ಣಗಾರನ ಮಗಳು. ತಳದಲ್ಲಿ ಉಳಿದಿದ್ದ ಒಂದು ಗುಟುಕನ್ನು ಬಟ್ಟಲಿಗೆ ಹಾಕಿ ಮಾದರಿಗೆ ಇಟ್ಟುಕೊಂಡೆ. ಅಪ್ಪನ ಡಬ್ಬಿಗಳಿಂದ ಚಿಟಿಕೆ ಚಿಟಿಕೆ ಪುಡಿ ತೆಗೆದು ಬಿಸಿ ನೀರಿನಲ್ಲಿ ಕಲಸಿ, ಹಿತ್ತಲಿನ ಬಿಳಿ ಗೋಡೆಗೆ ಹಿಡಿದು, ಅಪ್ಪನ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದೆ. ಸರಿ ಅನ್ನಿಸಿತು. ಬಾಟಲಿ ತುಂಬಿ, ಬಿರಡೆ ಕೂರಿಸಿ, ಒರಳಿನ ಗುಂಡಿನಿಂದ ಮೆಲ್ಲಗೆ ಬಡಿದೆ. ಯಾರಾದರೂ ಕುಡಿದುಬಿಟ್ಟರೆ ಏನು ಗತಿ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಕಳ್ಳತನದ ಅಳುಕಿಗಿಂತ, ನನಗೂ ಅಪ್ಪನ ಕಣ್ಣು ಬಂದಿದೆ ಎಂಬ ಹೆಮ್ಮೆಯೇ ಜಾಸ್ತಿ ಇತ್ತು.

ಅದೇ ಹೊತ್ತಿಗೆ ದಿಲ್ಲಿಯಲ್ಲಿ ಸರ್ಕಾರ ಬದಲಾಗಿತ್ತು. ಹೊಸ ಸರ್ಕಾರ ಕಂಪನಿಗೆ, ಇಲ್ಲಿ ವ್ಯಾಪಾರ ಮಾಡುವುದಾದರೆ ಇಲ್ಲಿಯವರಿಗೆ ಪಾಲು ಕೊಡಿ, ಪಾಕದ ಗುಟ್ಟನ್ನೂ ಬಿಟ್ಟುಕೊಡಿ ಎಂದಿತಂತೆ. ಗುಟ್ಟು ಕೊಡುವುದಕ್ಕಿಂತ ಗಂಟುಮೂಟೆ ಕಟ್ಟುವುದೇ ಮೇಲೆಂದು ಕಂಪನಿ ದೇಶ ಬಿಟ್ಟಿತು. ಪಾನಂಗಡಿಯವನು ಬೋರ್ಡನ್ನು ಇಳಿಸಿ ಕೋಳಿಗೂಡಿಗೆ ಬಾಗಿಲು ಮಾಡಿಸಿದ. ಇಳಕಲ್ಲಿನಲ್ಲಿ ಯಾರೂ ಸತ್ತು ಹೋಗಲಿಲ್ಲ. ಗೋಲಿ ಸೋಡಾ ಮೊದಲಿನ ಹಾಗೆಯೇ ನಡೆಯಿತು. ಹೊಸ ಹೆಸರಿನ ದೇಶೀ ಕೋಲಾಗಳು ಬಂದವಂತೆ, ನಮ್ಮ ಊರಿಗೆ ಬರಲು ತಡವಾಯಿತು. ಅಸಲಿ ಕೋಲಾ ಎಂದು ಹೇಳಬಹುದಾದದ್ದು ಊರಲ್ಲಿ ಉಳಿದದ್ದು ಒಂದೇ ಬಾಟಲಿ, ಅದು ನಮ್ಮ ಗೂಡಿನಲ್ಲಿ. ಜನ ಬಂದು ನೋಡಿ ಹೋಗುತ್ತಿದ್ದರು. ನಾನು ಆಗ ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ಸಾವಕಾರರು ಎರಡನೆಯ ಸಲ ಕೋಲಾ ಸೀರೆಗೆ ನೂಲು ಕಳಿಸಿದರು. ಅಪ್ಪ ಮೊದಲಿನಂತೆ ಬಾಟಲಿ ಮುಂದಿಟ್ಟುಕೊಂಡು ಬಣ್ಣ ಹಿಡಿದ. ನೂಲು ಒಣಗಿತು, ಒಯ್ದು ಕೊಟ್ಟ. ಸೊಸೆ ಒಳಗಿನಿಂದ ತನ್ನ ಸೀರೆ ತಂದು ಪಕ್ಕಕ್ಕಿಟ್ಟು, ‘ಇದು ಕೆಂಪಾತಲ್ರಿ’ ಎಂದಳಂತೆ. ಅಪ್ಪ ನಕ್ಕನಂತೆ. ಮನೆಗೆ ಬಂದು ಬಾಟಲಿ ಒಯ್ದು, ಸೀರೆ, ಲಡಿ, ಬಾಟಲಿ ಮೂರನ್ನೂ ಅವರ ಅಂಗಳದ ಬಿಸಿಲಿಗೆ ಹಿಡಿದ. ಲಡಿಗೂ ಬಾಟಲಿಗೂ ಹೊಂದಿತು. ಸೀರೆಗೆ ಹೊಂದಲಿಲ್ಲ.

‘ನಡೀತೈತಿ ಬಿಡೋ, ಕೋಲಾ ಅಂತ ಹೇಳಿ ಮಾರಿದ್ರಾತು’ ಎಂದರು ಸಾವಕಾರರು. ಅವರಿಗೆ ಅದೊಂದು ದೊಡ್ಡ ಸಂಗತಿಯೇ ಅಲ್ಲ. ‘ಇಲ್ಲಾ ಬಾಟ್ಲ್ಯಾಂದು ಹಳೇದಾಗಿ ಕೆಟ್ಟಿರಬೇಕು.’

‘ಕಂಪನಿ ಮಾಲ್ರಿ. ಕೂದಲೆಳಿ ಫರಕ್ ಆಗೂದಿಲ್ಲಂತ ನೀವ ಹೇಳಿರಿ’ ಎಂದ ಅಪ್ಪ.

ಮನೆಗೆ ಬಂದವನು ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕುಳಿತ. ಅವ್ವ ಏನಾಯಿತೆಂದು ಕೇಳಿದಳು. ‘ಆವತ್ತ ಸೀರಿ, ಬಾಟ್ಲಿ ಎರಡೂ ಒಂದ ಕಂಡಿದ್ವು. ಇವತ್ತ ಬ್ಯಾರೆ ಕಾಣಾಕತ್ತಾವ’ ಎಂದ. ‘ಬಾಟ್ಲಿ ಬಿರಡಿ ತಗದಿಲ್ಲ. ಸೀರಿ ಪೆಟಿಗ್ಯಾಗಿತ್ತು, ನನ್ನ ಬಣ್ಣ ಬಿಡೂದಲ್ಲ. ಹಂಗಾರ ಬದಲಾಗಿದ್ದು ಯಾವ್ದು ಹೇಳ? ನನ್ನ ಕಣ್ಣ.’ ಅವ್ವ ನೀರಿನ ತಂಬಿಗೆ ತಂದಿಟ್ಟಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಬದಲಾದದ್ದು ಯಾವುದೆಂದು ಗೊತ್ತಿತ್ತು.

ನಾಳೆ ಹೇಳೋಣ ಎಂದುಕೊಂಡೆ. ನಾಳೆಗೆ ಇನ್ನೂ ಕಷ್ಟವಾಯಿತು. ಅಪ್ಪ ಹಂಡೆಯನ್ನು ಚಿಕ್ಕಪ್ಪನಿಗೆ ಬಿಟ್ಟ. ಚಿಕ್ಕಪ್ಪನ ತೋಳಿಗೆ ಶಕ್ತಿ ಇತ್ತು, ಬಣ್ಣದ ನೋಟ ಇರಲಿಲ್ಲ. ಅಪ್ಪ ಪಕ್ಕದಲ್ಲಿ ನಿಲ್ಲುತ್ತಿದ್ದ, ಆದರೆ ಬಾಯಿ ಬಿಚ್ಚುತ್ತಿರಲಿಲ್ಲ. ತನಗೆ ಅನುಮಾನ ಬಂದಾಗಲೆಲ್ಲ ನನ್ನನ್ನು ಕರೆಯುತ್ತಿದ್ದ. ‘ಪಾರಿ, ಈ ಲಡಿ ಯಾವ ಬಣ್ಣ ಕಾಣಾಕತ್ತೈತಿ? ಖರೆ ಹೇಳ, ನಿನ್ನ ಕಣ್ಣ ಹೊಸಾವು’ ಎನ್ನುತ್ತಿದ್ದ. ನವಿಲು ಬಣ್ಣ ಎಂದರೆ ತಲೆ ಅಲ್ಲಾಡಿಸಿ, ‘ನನಗೂ ಹಂಗ ಕಾಣ್ತೈತಿ, ಆದ್ರ ನಂಬಿಗಿ ಇಲ್ಲ’ ಎನ್ನುತ್ತಿದ್ದ. ತಟ್ಟೆಯಲ್ಲಿ ಬದನೆಕಾಯಿ ಪಲ್ಯ ಹಾಕಿದರೂ ಒಂದು ಗಳಿಗೆ ಅದನ್ನೇ ನೋಡುತ್ತಿದ್ದ. ಬೇರೆ ಎಲ್ಲರ ಕಣ್ಣನ್ನೂ ಬಿಟ್ಟು ನನ್ನ ಕಣ್ಣನ್ನೇ ನಂಬಿದ್ದು ನನಗೆ ಸಹಿಸಲಾಗುತ್ತಿರಲಿಲ್ಲ. ಅವ್ವನ ಸೌಟಿನ ಏಟಿನ ಭಯ ಒಂದು ಕಡೆ. ಇನ್ನೊಂದು ಕಡೆ, ಊರೆಲ್ಲ ನೋಡಿಹೋದ ಬಾಟಲಿಯಲ್ಲಿ ನಾನು ಕಲಸಿದ ನೀರಿದೆ ಎಂದು ಹೇಗೆ ಹೇಳುವುದು? ಹೀಗೆ ಒಂದು ತಿಂಗಳಿನ ಮೇಲಾಯಿತು.

ಕೊನೆಗೆ ಅವ್ವ ಬಾಗಲಕೋಟೆಯ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ಬರಲು ಹೇಳಿದಳು. ಕಣ್ಣು ಹೋದವನು ದಾರಿ ತಪ್ಪಬಾರದೆಂದು ನನ್ನನ್ನು ಜೊತೆಗೆ ಕಳಿಸಿದಳು. ಅಪ್ಪ ಬಸ್ಸಿನ ಬೋರ್ಡನ್ನು ದೂರದಿಂದಲೇ ಓದಿ ಹೇಳುತ್ತಿದ್ದ; ಆದರೂ ನಾನು ಅವನ ಕೈ ಬಿಡಲಿಲ್ಲ. ಒಳಗೊಳಗೆ ನನಗೂ ಒಂದು ಆಸೆ ಇತ್ತು. ಡಾಕ್ಟರರು ಒಂದು ಚಸ್ಮಾ ಕೊಟ್ಟುಬಿಟ್ಟರೆ, ಅಪ್ಪ ಅದನ್ನು ನಂಬಿಕೊಂಡು ಮತ್ತೆ ಹಂಡೆಯ ಮುಂದೆ ನಿಲ್ಲುತ್ತಾನೆ, ನನ್ನ ಕಳ್ಳತನ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಡಾಕ್ಟರರು ದೊಡ್ಡ ಅಕ್ಷರ ಓದಿಸಿದರು, ಸಣ್ಣ ಅಕ್ಷರ ಓದಿಸಿದರು, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು. ಅಪ್ಪ ಎಲ್ಲವನ್ನೂ ಪಟಪಟ ಹೇಳಿದ. ‘ನಿಮ್ಮ ಕಣ್ಣ ಭೇಷ್ ಅದಾವ್ರಿ. ನನ್ನವಕಿಂತ ಚಲೋ ಅದಾವ’ ಎಂದು ಡಾಕ್ಟರರು ನಕ್ಕರು. ಹೊರಗೆ ಬಂದ ಅಪ್ಪನ ಮುಖ ಇನ್ನೂ ಕೆಳಗಾಗಿತ್ತು. ‘ಪುಸ್ತಕದಾಗಿನ ಕೆಂಪ ಎಂಥಾವನಿಗೂ ಕಾಣ್ತೈತಿ. ಈ ರೋಗ ಇವರಿಗೆ ತಿಳಿಯೂದಲ್ಲ’ ಎಂದ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಗೋಲಿ ಸೋಡಾ ಕೊಡಿಸಿದ, ತಾನು ಕುಡಿಯಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಅಪ್ಪ ಕಮತಗಿಗೆ ಟಿಕೇಟು ಕೇಳಿದ. ನಾವು ಹೋಗಬೇಕಾದದ್ದು ಇಳಕಲ್ಲಿಗೆ. ಯಾಕೆಂದು ಕೇಳಿದೆ.

‘ನಿಮ್ಮ ಸೋದರಮಾವನ ಕೂಡ ಮಾತಾಡೂದೈತಿ’ ಎಂದ. ಮಾವನದು ಕಮತಗಿಯಲ್ಲಿ ಕಿರಾಣಿ ಅಂಗಡಿ. ‘ಅಂಗಡ್ಯಾಗ ಒಬ್ರು ಬೇಕಂತ ಅಂತಿದ್ದ. ಜ್ವಾಳಾ, ಬ್ಯಾಳಿ ತೂಗಾಕ ಕಣ್ಣ ಏನ್ ಬೇಕ? ಮುಂದಿನ ತಿಂಗಳದಿಂದ ಬರ್ತೇನಿ ಅಂತ ಹೇಳಿಬಿಡತೇನಿ. ಹಂಡೆ ನಿಮ್ಮ ಚಿಕ್ಕಪ್ಪಗ ಇರ್ಲಿ.’

ಇಷ್ಟು ಹೇಳಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಗ ನೋಡಿದೆ. ಮೊಣಕೈ ತನಕ ಅಪ್ಪನ ಚರ್ಮದ ಬಣ್ಣ ಹೀಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಉಗುರಿನ ಸಂದಿಯಲ್ಲಿ ಕೂಡ ಏನೂ ಇರಲಿಲ್ಲ. ಶಿರೂರು ಬಂತು, ಜನ ಇಳಿದರು, ಹತ್ತಿದರು. ಮುಂದಿನದು ಕಮತಗಿ. ಬಸ್ಸು ಶಿರೂರು ದಾಟುವಾಗ ನಾನು ಅಳಲು ಶುರು ಮಾಡಿದೆ. ಅಪ್ಪ ಸೋಡಾ ಹೊಟ್ಟೆಗೆ ಆಗಿಬರಲಿಲ್ಲವೆಂದು ತಿಳಿದು ಕಿಟಕಿಯ ಕಡೆ ಕೂರಿಸಿದ.

‘ಬಾಟ್ಲ್ಯಾಂದು ನಾ ಕುಡದೇನಿ’ ಎಂದೆ.

‘ಯಾವ ಬಾಟ್ಲಿ?’

‘ಗೂಡಿನ್ಯಾಗಿಂದು. ಅದರಾಗ ಇರೂದು ಕೋಲಾ ಅಲ್ಲ. ನಾ ಬಣ್ಣ ಕಲಸಿ ತುಂಬೇನಿ.’

ಅಪ್ಪ ನನ್ನ ಮುಖ ನೋಡಿದ. ಏಟು ಬೀಳುತ್ತದೆ ಎಂದು ನಾನು ಕಿವಿ ಮುಚ್ಚಿಕೊಂಡೆ. ಬೀಳಲಿಲ್ಲ. ಮೆತ್ತಗೆ ಕೇಳಿದ:

‘ಯಾವಾಗ?’

‘ನೀವು ಸಂಗಮಕ್ಕ ಹೋದಾಗ. ಎರಡನೇ ನೂಲ ಬರೂಕಿಂತ ಮೊದಲ.’

‘ಏನೇನ್ ಹಾಕಿದ್ದಿ?’

‘ಕೆಂಪ. ಹಳದಿ. ಉಗುರಿನ ತುದೀಲೆ ಕರೇದು.’

‘ನೀಲಿ?’

‘ಹಾಕಿಲ್ಲ.’

‘ಒಂಚೂರೂ?’

‘ಇಲ್ಲ.’

ಅಪ್ಪ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡ. ‘ನೀಲಿ ಬೀಳಲಿಲ್ಲ ಅಂದ್ರ ಬಣ್ಣ ಕೆಂಪಿಗೆ ಹೊಡೀಲಾಕ ಬೇಕು’ ಎಂದ, ನನಗಲ್ಲ, ಸರಳಿಗೆ ಹೇಳುವ ಹಾಗೆ. ‘ಹೊಡೀಲಾಕ ಬೇಕು. ಅದು ಕೆಂಪ ಇತ್ತು, ನನಗ ಕೆಂಪ ಕಂಡಿತ್ತು.’

ಕಮತಗಿ ಬಂತು. ಇಳಿಯುವವರು ಇಳಿದರು. ಅಪ್ಪ ಏಳಲಿಲ್ಲ. ಕಂಡಕ್ಟರ್ ಬಂದು, ‘ನಿಮ್ಮ ಟಿಕೇಟ ಇಲ್ಲಿಗೆ ಮುಗೀತಲ್ರಿ’ ಎಂದ.

‘ಇಳಕಲ್ಲಿಗೆ ಹರೀರಿ, ಒಂದೂವರಿ ಟಿಕೇಟ’ ಎಂದ ಅಪ್ಪ.

ಬಸ್ಸು ಹೊರಟಿತು. ಅಪ್ಪ ನನ್ನನ್ನು ದಾಟಿ ಕಿಟಕಿಯ ಹೊರಗೆ ನೋಡತೊಡಗಿದ. ರಸ್ತೆಯ ಬದಿಯಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ‘ಅದು ಮೆಣಸಿನಕಾಯಿ ಕೆಂಪ, ಎರಡ ದಿನದ ಬಿಸಲ ಕಂಡೈತಿ’ ಎಂದ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹೋಗುತ್ತಿದ್ದಳು. ‘ಆ ಸೀರಿ ಗಿಣಿ ಹಸರ. ಒಂದ ಸಲ ಅದ್ದಿ ತಗದಾರ, ಇನ್ನೊಂದ ಸಲ ಅದ್ದಬೇಕಿತ್ತು.’ ಎರೆ ಹೊಲ, ಕುಸುಬೆಯ ಹೂವು, ಯಾರದೋ ಮನೆಯ ಬಾಗಿಲು, ಒಂ‌ದೊಂದಕ್ಕೂ ಹೆಸರು ಹೇಳುತ್ತ ಹೋದ. ನನ್ನನ್ನು ‘ಹೌದಿಲ್ಲೋ’ ಎಂದು ಒಮ್ಮೆಯೂ ಕೇಳಲಿಲ್ಲ. ಮುಂದಿನ ಸೀಟಿನ ಮುದುಕರು ತಿರುಗಿ, ‘ಏನ್ರಿ, ಇಷ್ಟ ದೊಡ್ಡ ಹುಡುಗಿಗೆ ಈಗ ಬಣ್ಣ ಕಲಿಸಾಕತ್ತೀರೇನು?’ ಎಂದರು. ಅಪ್ಪನಿಗೆ ಅದು ಕೇಳಿಸಲಿಲ್ಲ. ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ, ಒರೆಸಿಕೊಂಡು ಮತ್ತೆ ಹೊರಗೆ ನೋಡುತ್ತಿದ್ದ. ಹುನಗುಂದ ಬಂತು, ಹೋಯಿತು. ನನ್ನನ್ನು ಬೈಯಬೇಕೆಂಬುದು ಅವನಿಗೆ ನೆನಪೇ ಆಗಲಿಲ್ಲ.